ಹನ್ನೊಂದು ಕಳೆದು

ನನ್ನ ಟೇಪಿನ ಮೂತಿ ಮುರಿದು ಎರಡು ವರ್ಷ.
ಅದು ಹನ್ನೊಂದರಿಂದಲೇ ಶುರು.
ಅಳೆದದ್ದರಲ್ಲೆಲ್ಲ ಹನ್ನೊಂದು ಕಳೆದು ಬರೆದುಕೊಳ್ಳುತ್ತೇನೆ.
ಹೊಸದು ಕೊಡಿಸುತ್ತೇವೆಂದು ಹೇಳಿ ಹೇಳಿ
ಸಂಘದವರಿಗೇ ಈಗ ನಾಚಿಕೆ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಇಳಿದರೆ
ತಾಂಡಾದವರೆಗೂ ಮುಸುಕಿನ ಜೋಳ, ಮತ್ತೆ ಜೋಳ.
ಕಣ್ಣು ಹಾಯುವಷ್ಟೂ ಒಂದೇ ಮಾತು.
ಆ ಮಾತು ನಡುವೆ ಎಲ್ಲೋ ತಡವರಿಸಿದಂತೆ
ತಾವರೀಬಾಯಿಯ ಒಂದೂವರೆ ಎಕರೆ ಹತ್ತಿ.

‘ಬಾರೇ ಟೇಪಿನ ಮೇಡಂ’ ಅನ್ನುತ್ತಾಳೆ,
ಸಲಿಗೆ, ಮರ್ಯಾದೆ ಎರಡೂ ಒಂದೇ ಉಸಿರಿನಲ್ಲಿ.

ಇದು ಮೂರನೇ ವರ್ಷ.
ಇದೊಂದು ದಾಟಿದರೆ ‘ಪರಿವರ್ತನೆಯಲ್ಲಿದೆ’ ಎಂಬ ಸಾಲನ್ನು
ಫಾರಂನಲ್ಲಿ ಹೊಡೆದುಹಾಕಬಹುದು.
ಮಣ್ಣು ಮರೆಯಲು ಮೂರು ವರ್ಷ ಸಾಕೆಂದು
ಯಾರು ಲೆಕ್ಕ ಹಾಕಿದರೋ.
ಸೂತಕಕ್ಕೆ ಇಷ್ಟು ದಿನ ಎಂದ ಹಾಗೆ
ಇದಕ್ಕೂ ಒಂದು ಗಡುವು.

ಡೈರಿ ಬರೆಯುವವಳು ಮೊಮ್ಮಗಳು ರೋಜಾ, ಆರನೇ ಕ್ಲಾಸು,
ನೇರಳೆ ಸ್ಕೆಚ್ ಪೆನ್ನು.
‘ಇವತ್ತು ಕಾಯಿಕೊರಕ ಆರಿಸಿದೆವು. ನಲವತ್ತೇಳು. ಕೋಳಿ ತಿಂದವು.
ಹುಳಿ ಮಜ್ಜಿಗೆ ಹೊಡೆದೆವು. ನನಗೆ ಕುಡಿಯಲು ಉಳಿಯಲಿಲ್ಲ.
ಹಸ್ತಾ ಮಳೆ ಬಂತು. ಏನೂ ಮಾಡಲಿಲ್ಲ.’
ಏನೂ ಮಾಡದ ದಿನಕ್ಕೆ
ನನ್ನ ಫಾರಂನಲ್ಲಿ ಕಾಲಂ ಇಲ್ಲ.

ಬೀಜದ ಚೀಟಿ ಇತ್ತು, ಸರಿ. ಬೆಲ್ಲದ ರಸೀದಿ, ಸರಿ.
ಮೈದುನನ ಶುಂಠಿಗೂ ಇವಳ ಹತ್ತಿಗೂ ನಡುವೆ
ಬೇಲಿಯಾಗಿ ತೊಗರಿ, ಸಂಘದ ನಿಯಮದಂತೆ ಎಂಟು ಮೀಟರ್.
ಎಳೆದು ಹಿಡಿದೆ: ಎಂಟರ ಮೇಲೆ ಹನ್ನೊಂದು.
ಹನ್ನೊಂದು ಕಳೆದರೆ ಕೂದಲೆಳೆಯ ಹೆಚ್ಚುಕಡಿಮೆಯಿಲ್ಲದೆ ಎಂಟು.
ಖುಷಿಯಾಯಿತು. ಪೆನ್ನಿನ ಮುಚ್ಚಳ ಹಾಕಿದೆ.

‘ಮುಚ್ಚಬೇಡ’ ಅಂದಳು.

‘ಮಘೆ ಮಳೆ ಹೊಳವಾದ ದಿನ, ಪಡುವಣ ಗಾಳಿ.
ಅವನು ಶುಂಠಿಗೆ ಹೊಡೀತಿದ್ದ.
ವಾಸನೆ ತೊಗರಿ ದಾಟಿ ಬಂತು.
ಒಂದೊಂದೇ ಸಾಲಿನಲ್ಲಿ ನಿಂತು ಮೂಸಿದೆ.
ನಾಲ್ಕನೇ ಸಾಲಿನಲ್ಲಿ ಇತ್ತು, ಐದರಲ್ಲಿ ಇರಲಿಲ್ಲ.
ರೋಜಾ ಬರೀಲಿಲ್ಲ. ಅವಳಿಗೆ ಅವನೇ ಸೈಕಲ್ ಕೊಡಿಸಿದ್ದು.
ನೀನು ಬರಿ.’

ಮೂಗಿನ ಅಳತೆಯನ್ನು ಯಾವ ಕಾಲಮ್ಮಿಗೆ ಹಾಕಲಿ?
ಆಮೇಲೆ ಎಷ್ಟು ಮಳೆ ಬಿತ್ತು,
ಎಲೆ ಕಿತ್ತು ಲ್ಯಾಬಿಗೆ ಕಳಿಸಿದರೂ ಏನೂ ಸಿಗಲಾರದು,
ಯಾರು ನೋಡಿದ್ದಾರೆ, ಬಿಡು, ಎಂದೆ.
ತಪಾಸಣೆಗೆ ಬಂದವಳು ನಾನು,
ನಾನೇ ಎಂದೆ.

ಅವಳು ಮಾತಾಡಲಿಲ್ಲ.
ನನ್ನ ಕೈಲಿದ್ದ ಟೇಪಿನ ಮುರಿದ ತುದಿಯನ್ನು
ಸುಮ್ಮನೆ ನೋಡಿದಳು.

ಬರೆದೆ. ನಾಲ್ಕು ಸಾಲು.
ಅವುಗಳ ಹತ್ತಿ ಬೇರೆ ಚೀಲಕ್ಕೆ,
ಆ ಚೀಲಕ್ಕೆ ಲಾಟ್ ನಂಬರಿಲ್ಲ,
ಸಂತೆಯಲ್ಲಿ ಕೇಳಿದಷ್ಟಕ್ಕೆ ಮಾರಿಹೋಗುವುದು.
ಬೆರೆಯಬಾರದೆಂದು ಈಗಲೇ ಖಾಲಿ ಚೀಲದ ಬಾಯಿಗೆ
ಹಳೇ ಪೇಟಿಯಾದಿಂದ ಬಿಚ್ಚಿದ ಕೆಂಪು ದಾರದಲ್ಲಿ
ಹೊಲಿಗೆ ಹಾಕತೊಡಗಿದಳು. ಮದುವೆಯ ಕಸೂತಿಯಷ್ಟೇ ಬಿಗಿ.
ನಾಲ್ಕು ಸಾಲಿಗಾಗಿ ಇಡೀ ಹೊಲಕ್ಕೆ
ಇನ್ನೊಂದು ವರ್ಷ ಕಾಯಿರಿ ಎಂದರೂ ಎಂದಾರು ಮೇಲಿನವರು.
ಅದನ್ನು ಹೇಳಿದೆ. ಹಲ್ಲಿನಿಂದ ದಾರ ಕಡಿದಳು, ಅಷ್ಟೆ.

ವಾಪಸು ಹೋಗುವಾಗ ಬಸ್ಸಿನವರೆಗೆ
ಬೈಕಿನಲ್ಲಿ ಬಿಟ್ಟವನು ಅವಳ ಮೈದುನ, ಠಾವರ್ಯಾ.
ಅವನ ಅಂಗಿಯಲ್ಲಿ ಔಷಧಿಯ ಸಿಹಿ ವಾಸನೆ.
ಟೇಪು ಬ್ಯಾಗಿನಲ್ಲಿ ನನ್ನ ಬೆನ್ನಿಗೆ ಒತ್ತುತ್ತಿತ್ತು.

‘ಅತ್ತಿಗೆ ಪಾಸಾದಳಾ?’
‘ನಾಲ್ಕು ಸಾಲು ಕಡಿಮೆ’ ಅಂದೆ.

ಜೋಳದ ನಡುವೆ ಬಹಳ ಹೊತ್ತು ಬರೀ ಬೈಕಿನ ಸದ್ದು.
ಕೆರೆ ಏರಿಯ ತಿರುವಿನಲ್ಲಿ ಗೇರು ಇಳಿಸಿದ.

‘ನಾಲ್ಕೇನಾ?’ ಅಂದ.
‘ನಾನು ಐದು ಅಂದುಕೊಂಡಿದ್ದೆ.’